ಟಾಂಕಿ ತುಂಬಿದರೆ ಕೂಗುವ ಪೆಟ್ಟಿಗೆ: ಕೃಷಿಕರಿಗೆ ಎಲೆಕ್ಟ್ರಾನಿಕ್ಸಿನ ಮೊದಲ ಪಾಠ

ಟಾಂಕಿ ಗುಡ್ಡದ ಮೇಲೆ, ಪಂಪು ಕೆರೆಯ ಬದಿಯಲ್ಲಿ, ಮನೆ ಇವೆರಡರ ನಡುವೆ. ನಮ್ಮ ಕಡೆಯ ಎಷ್ಟೋ ತೋಟಗಳ ನಕ್ಷೆ ಇದೇ. ಮೂರು ಫೇಸ್ ಕರೆಂಟು ಇರುವುದು ದಿನದ ಕೆಲವೇ ಗಂಟೆ. ಪಂಪು ಹಾಕಿ ಬಂದ ಮೇಲೆ ಟಾಂಕಿ ತುಂಬಿತೇ ಇಲ್ಲವೇ ತಿಳಿಯಬೇಕಾದರೆ ಒಂದೋ ಗುಡ್ಡ ಹತ್ತಬೇಕು, ಇಲ್ಲವೇ ನೀರು ತುಂಬಿ ಹರಿಯುವ ಸದ್ದಿಗೆ ಕಿವಿಕೊಟ್ಟು ಕೂರಬೇಕು. ಮಾತಿಗೆ ಜನ ಸಿಕ್ಕಿದರೆ, ಕಣ್ಣು ಒಂದಿಷ್ಟು ಮುಚ್ಚಿದರೆ ಅರ್ಧ ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ.

ಆ ಅರ್ಧ ಗಂಟೆಯ ಬೆಲೆ ಎಷ್ಟು? ಗಂಟೆಗೆ 10,000 ಲೀಟರ್ ಎತ್ತುವ ಪಂಪಾದರೆ ಹೊರಗೆ ಚೆಲ್ಲಿದ್ದು 5,000 ಲೀಟರ್. ಹನಿ ನೀರಾವರಿಯಲ್ಲಿ ಅಡಿಕೆ ಮರವೊಂದಕ್ಕೆ ದಿನಕ್ಕೆ 20 ಲೀಟರ್ ಎಂದು ಹಿಡಿದರೆ 250 ಮರಗಳ ಒಂದು ದಿನದ ನೀರು. ಏಪ್ರಿಲ್ ತಿಂಗಳಲ್ಲಿ ಕೆರೆಯ ತಳ ಕಾಣುವಾಗ ಇದು ಸಣ್ಣ ಲೆಕ್ಕ ಅಲ್ಲ. ಟಾಂಕಿಯ ಬುಡದ ಮಣ್ಣು ಕೊಚ್ಚಿ ಹೋಗುವುದು, ಕರೆಂಟು ದಂಡ ಆಗುವುದು ಬೇರೆ.

ಇದಕ್ಕೆ ಪೇಟೆಯಲ್ಲಿ ತಯಾರಿ ಉಪಕರಣಗಳು ಬೇಕಾದಷ್ಟು ಉಂಟು. ಆದರೆ ಟಾಂಕಿ ತುಂಬಿದ್ದನ್ನು ಕೂಗಿ ಹೇಳುವ ಪೆಟ್ಟಿಗೆಯೊಂದನ್ನು ನಾವೇ ಒಂದು ಭಾನುವಾರ ಕೂತು ಮಾಡಿಕೊಳ್ಳಬಹುದು. ಬಿಡಿಭಾಗಗಳಿಗೆ ನೂರು, ನೂರೈವತ್ತು ರೂಪಾಯಿ ಸಾಕು. ತಂತಿಯ ಖರ್ಚು ಮಾತ್ರ ದೂರಕ್ಕೆ ತಕ್ಕ ಹಾಗೆ. ನಾನು ಇಂಜಿನಿಯರ್ ಅಲ್ಲ, ತೋಟದ ಕೆಲಸದ ನಡುವೆ ಬೆಸುಗೆ ಕಡ್ಡಿ ಹಿಡಿಯುವ ಹವ್ಯಾಸದವ. ಹಾಗಾಗಿ ಕೃಷಿಕರಿಗೆ ಅರ್ಥವಾಗುವ ಭಾಷೆಯಲ್ಲೇ ಹೇಳುತ್ತೇನೆ.

ಹೇಳುವ ಯಂತ್ರ, ಮಾಡುವ ಯಂತ್ರ

ಶುರು ಮಾಡುವ ಮುಂಚೆ ಒಂದು ವಿಷಯ ಮನಸ್ಸಲ್ಲಿ ಗಟ್ಟಿ ಮಾಡಿಕೊಳ್ಳಬೇಕು. ತೋಟಕ್ಕೆ ಬೇಕಾದ ಎಲೆಕ್ಟ್ರಾನಿಕ್ಸಿನಲ್ಲಿ ಎರಡು ಜಾತಿ. ಒಂದು, ಹೇಳುವ ಯಂತ್ರ. ಟಾಂಕಿ ತುಂಬಿತು, ಮಳೆ ಬಂತು ಎಂದು ಕೂಗಿ ಸುಮ್ಮನಾಗುತ್ತದೆ. ಮುಂದಿನ ಕೆಲಸ ನಮ್ಮದು. ಇನ್ನೊಂದು, ಮಾಡುವ ಯಂತ್ರ. ಅದೇ ಪಂಪು ಆರಿಸುತ್ತದೆ, ಅದೇ ಹಾಕುತ್ತದೆ, ಬೇಲಿಗೆ ಕರೆಂಟು ಕೊಡುತ್ತದೆ.

ಹೇಳುವ ಯಂತ್ರ ಕೈಕೊಟ್ಟರೆ ಹೋಗುವುದು ಒಂದಿಷ್ಟು ನೀರು. ಮಾಡುವ ಯಂತ್ರ ಕೈಕೊಟ್ಟರೆ ಮೋಟಾರು ಸುಡಬಹುದು, ಮನುಷ್ಯರ ಜೀವವೇ ಹೋಗಬಹುದು. ಹೇಳುವ ಯಂತ್ರ ಟಾರ್ಚಿನ ಸೆಲ್ಲಿನಲ್ಲಿ ನಡೆಯುತ್ತದೆ. ಮಾಡುವ ಯಂತ್ರದ ಒಂದು ಕೈ ಯಾವಾಗಲೂ 230 ಅಥವಾ 415 ವೋಲ್ಟಿನ ಮೇಲೆ ಇರುತ್ತದೆ. ಅದಕ್ಕೇ ನನ್ನ ಸಲಹೆ ಇಷ್ಟೇ: ಸೆಲ್ಲಿನ ಕಡೆಯದನ್ನು ಧೈರ್ಯವಾಗಿ ನಾವೇ ಮಾಡೋಣ, ಮೀಟರ್ ಬೋರ್ಡಿನ ಕಡೆಯದನ್ನು ತಿಳಿದುಕೊಳ್ಳೋಣ, ಆದರೆ ಲೈಸೆನ್ಸ್ ಇರುವ ವಯರ್‌ಮ್ಯಾನ್ ಕೈಯಲ್ಲೇ ಮಾಡಿಸೋಣ.

ಟ್ರಾನ್ಸಿಸ್ಟರ್ ಎಂದರೆ ಏನು?

ನೀರಿನಲ್ಲಿ ಕರೆಂಟು ಹರಿಯುತ್ತದೆ ಎಂದು ಎಲ್ಲರಿಗೂ ಗೊತ್ತು. ಹಾಗಾದರೆ ಸೆಲ್ಲು, ಬಜರ್, ನೀರು ಮೂರನ್ನೇ ಸಾಲಾಗಿ ಜೋಡಿಸಿದರೆ ಸಾಲದೇ? ಸಾಲದು. ನೀರು ಬಹಳ ಜಿಪುಣ. ನಮ್ಮ ಮುರಕಲ್ಲಿನ ನೆಲದ ಬಾವಿ ನೀರಿನಲ್ಲಿ ಲವಣ ಕಡಿಮೆ. ಎರಡು ಕಡ್ಡಿಗಳನ್ನು ಒಂದೆರಡು ಅಂಗುಲ ಅಂತರದಲ್ಲಿ ಅದ್ದಿದರೆ ನಡುವಿನ ತಡೆ ಹತ್ತಾರು ಸಾವಿರ ಓಮ್ ಇರುತ್ತದೆ. 6 ವೋಲ್ಟಿನಲ್ಲಿ ಅದರ ಮೂಲಕ ಬರುವ ಕರೆಂಟು ಒಂದು ಮಿಲಿ ಆಂಪಿಯರಿನ ಹತ್ತನೇ ಒಂದಂಶದ ಆಸುಪಾಸು. ಬಜರ್ ಕೂಗಲು ಸುಮಾರು 10 ಮಿಲಿ ಆಂಪಿಯರ್ ಬೇಕು. ನೂರು ಪಾಲು ಕೊರತೆ!

ಈ ಕೊರತೆ ತುಂಬುವುದೇ ಟ್ರಾನ್ಸಿಸ್ಟರ್. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮೊದಲ ಟ್ರಾನ್ಸಿಸ್ಟರ್ ಕೆಲಸ ಮಾಡಿತು. ರೇಡಿಯೋಗೇ 'ಟ್ರಾನ್ಸಿಸ್ಟರ್' ಎಂದು ಕರೆಯುತ್ತಿದ್ದ ಕಾಲ ಹಿರಿಯರಿಗೆ ನೆನಪಿರಬಹುದು. ಇದಕ್ಕೆ ಮೂರು ಕಾಲು: ಕಲೆಕ್ಟರ್, ಬೇಸ್, ಎಮಿಟರ್. ಇದನ್ನು ಪೈಪಿನ ಗೇಟ್ ವಾಲ್ವ್ ಎಂದು ತಿಳಿಯಿರಿ. ದೊಡ್ಡ ನೀರು ಹರಿಯುವುದು ಕಲೆಕ್ಟರಿನಿಂದ ಎಮಿಟರಿಗೆ. ಬೇಸ್ ಎಂಬುದು ವಾಲ್ವಿನ ತಿರುಗಣೆ. ಬೇಸಿಗೆ ಚಿಟಿಕೆಯಷ್ಟು ಕರೆಂಟು ಕೊಟ್ಟರೆ ಕಲೆಕ್ಟರಿನಲ್ಲಿ ಅದರ ನೂರು, ಇನ್ನೂರು ಪಾಲು ಹರಿಯಲು ದಾರಿಯಾಗುತ್ತದೆ. ನೀರು ಕೊಡುವ ಅಷ್ಟಿಷ್ಟು ಕರೆಂಟಿನಿಂದ ತಿರುಗಣೆ ತಿರುಗಿಸುವುದು, ಬಜರಿಗೆ ಬೇಕಾದ ಕರೆಂಟನ್ನು ಸೆಲ್ಲಿನಿಂದಲೇ ಎಳೆಯುವುದು – ನಮ್ಮ ಪೆಟ್ಟಿಗೆಯ ಗುಟ್ಟು ಇಷ್ಟೇ.

ಬೇಕಾದ ಸಾಮಾನು

ಬಿ.ಸಿ. 547 ಎಂಬ ಟ್ರಾನ್ಸಿಸ್ಟರ್ 1. (ಬೆಲೆ ಕೆಲವೇ ರೂಪಾಯಿ, ನಾಲ್ಕೈದು ತಂದಿಡಿ.)
10 ಕಿಲೋ ಓಮ್ ರೆಸಿಸ್ಟರ್ 1. ಬಣ್ಣದ ಪಟ್ಟಿ: ಕಂದು, ಕಪ್ಪು, ಕಿತ್ತಳೆ.
100 ಕಿಲೋ ಓಮ್ ರೆಸಿಸ್ಟರ್ 1. ಬಣ್ಣದ ಪಟ್ಟಿ: ಕಂದು, ಕಪ್ಪು, ಹಳದಿ.
0.1 ಮೈಕ್ರೋಫ್ಯಾರಡ್ ಕೆಪಾಸಿಟರ್ 1. ಮೈಮೇಲೆ 104 ಎಂದು ಬರೆದಿರುತ್ತದೆ.
ಸೆಲ್ಲು ಕೊಟ್ಟರೆ ಸಾಕು, ತಾನೇ ಕೂಗುವ ಜಾತಿಯ ಬಜರ್ 1. (3ರಿಂದ 24 ವೋಲ್ಟಿನದ್ದು.)
1.5 ವೋಲ್ಟಿನ ಪೆನ್ಸಿಲ್ ಸೆಲ್ಲು 4, ಅವನ್ನು ಕೂರಿಸುವ ಹೋಲ್ಡರ್.
ಸಣ್ಣ ಸ್ವಿಚ್ಚು 1, ಒತ್ತುವ ಗುಂಡಿ 1, ಎರಡು ಕಾಲಿನ ಪಿನ್ನು ಮತ್ತು ಸಾಕೆಟ್ 1 ಜೊತೆ.
ಬೇಕಾದಷ್ಟು ಉದ್ದದ ಎರಡೆಳೆ ಟೆಲಿಫೋನ್ ತಂತಿ.
ಹಾಕಿಡಲು ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿ.

ಬಣ್ಣದ ಪಟ್ಟಿ ಓದುವುದು ಬ್ರಹ್ಮವಿದ್ಯೆ ಏನಲ್ಲ. ಕಪ್ಪು 0, ಕಂದು 1, ಕೆಂಪು 2, ಕಿತ್ತಳೆ 3, ಹಳದಿ 4, ಹಸಿರು 5, ನೀಲಿ 6, ನೇರಳೆ 7, ಬೂದು 8, ಬಿಳಿ 9. ಮೊದಲ ಎರಡು ಪಟ್ಟಿ ಅಂಕೆ, ಮೂರನೆಯದು ಮುಂದೆ ಎಷ್ಟು ಸೊನ್ನೆ ಎಂಬುದು. ಕಂದು, ಕಪ್ಪು, ಕಿತ್ತಳೆ ಎಂದರೆ 1, 0, ಅದರ ಮುಂದೆ ಮೂರು ಸೊನ್ನೆ: 10,000 ಓಮ್. ಕೊನೆಯ ಚಿನ್ನದ ಬಣ್ಣದ ಪಟ್ಟಿ ನೂರಕ್ಕೆ 5ರಷ್ಟು ಹೆಚ್ಚುಕಮ್ಮಿ ಇರಬಹುದು ಎಂದು ಹೇಳುವುದಕ್ಕೆ.

ಸಲಕರಣೆಗಳಲ್ಲಿ 25 ವಾಟಿನ ಬೆಸುಗೆ ಕಡ್ಡಿ, ನಡುವೆ ರಾಳ ಇರುವ ಬೆಸುಗೆ ಸೀಸ, ಒಂದು ಸಾಧಾರಣ ಮಲ್ಟಿಮೀಟರ್ ಬೇಕು. ಮಲ್ಟಿಮೀಟರ್ ಇಲ್ಲದೆ ಎಲೆಕ್ಟ್ರಾನಿಕ್ಸಿಗೆ ಇಳಿಯುವುದೆಂದರೆ ಟಾರ್ಚಿಲ್ಲದೆ ರಾತ್ರಿ ತೋಟಕ್ಕೆ ಇಳಿದ ಹಾಗೆ. ಹತ್ತಿರದ ಪೇಟೆಯ ಟಿ.ವಿ. ರಿಪೇರಿ ಅಂಗಡಿಯಲ್ಲಿ ಸಾಮಾನು ಕೇಳಿ ನೋಡಿ. ಬೆಂಗಳೂರಿಗೆ ಹೋಗುವವರಿದ್ದರೆ ಎಸ್.ಪಿ. ರಸ್ತೆಯಲ್ಲಿ ಎಲ್ಲವೂ ಒಂದೇ ಕಡೆ ಸಿಗುತ್ತದೆ. ಈಗ ಅಂಚೆ, ಕೊರಿಯರಿನಲ್ಲೂ ತರಿಸಬಹುದು.

ಜೋಡಿಸುವ ಕ್ರಮ

ಕಾಗದ, ಪೆನ್ಸಿಲು ಹಿಡಿದು ಚಿತ್ರ ಬರೆದುಕೊಳ್ಳುತ್ತಾ ಓದಿ. ಬಿ.ಸಿ. 547ರ ಒಂದು ಮುಖ ಚಪ್ಪಟೆ. ಆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಇರುವಂತೆ ಹಿಡಿಯಿರಿ. ಎಡದ್ದು ಕಲೆಕ್ಟರ್, ನಡುವಿನದ್ದು ಬೇಸ್, ಬಲದ್ದು ಎಮಿಟರ್. ಬೇರೆ ನಂಬರಿನ ಟ್ರಾನ್ಸಿಸ್ಟರಿನಲ್ಲಿ ಕಾಲುಗಳ ಕ್ರಮ ಬೇರೆ ಇರಬಹುದು, ಅಂಗಡಿಯವರಲ್ಲಿ ಕೇಳಿಕೊಳ್ಳಿ.

1. ಸೆಲ್ಲಿನ ಪ್ಲಸ್ ತುದಿಯನ್ನು ಸ್ವಿಚ್ಚಿಗೆ ಕೊಡಿ. ಸ್ವಿಚ್ಚಿನ ಇನ್ನೊಂದು ತುದಿಯಿಂದ ಎರಡು ಕವಲು: ಒಂದು ಬಜರಿನ ಪ್ಲಸ್ಸಿಗೆ, ಇನ್ನೊಂದು ಟಾಂಕಿಗೆ ಹೋಗುವ ಮೊದಲನೇ ಎಳೆಗೆ.

2. ಬಜರಿನ ಮೈನಸ್ ತುದಿ ಕಲೆಕ್ಟರಿಗೆ.

3. ಎಮಿಟರ್ ನೇರ ಸೆಲ್ಲಿನ ಮೈನಸ್ಸಿಗೆ.

4. ಟಾಂಕಿಯಿಂದ ಬರುವ ಎರಡನೇ ಎಳೆ 10 ಕಿಲೋ ಓಮ್ ರೆಸಿಸ್ಟರಿನ ಮೂಲಕ ಬೇಸಿಗೆ.

5. ಬೇಸ್ ಮತ್ತು ಎಮಿಟರ್ ನಡುವೆ 100 ಕಿಲೋ ಓಮ್ ರೆಸಿಸ್ಟರ್. ಅದರ ಜೊತೆಗೇ, ಅದೇ ಎರಡು ಕಾಲುಗಳಿಗೆ ಕೆಪಾಸಿಟರ್.

6. ಪೆಟ್ಟಿಗೆಯ ಒಳಗೆ ಟಾಂಕಿಯ ಎರಡೂ ಎಳೆಗಳ ನಡುವೆ ಒತ್ತುವ ಗುಂಡಿ. ಇದು ಪರೀಕ್ಷೆಗೆ.

ಯಾವುದು ಯಾಕೆ ಎಂದು ತಿಳಿದಿದ್ದರೆ ಮುಂದೆ ರಿಪೇರಿ ಸುಲಭ. 10 ಕಿಲೋ ಓಮ್ ಇರುವುದು ಕಾವಲಿಗೆ. ತಂತಿಗಳು ಎಲ್ಲಾದರೂ ಒಂದಕ್ಕೊಂದು ತಾಗಿದರೂ ಬೇಸಿಗೆ ಅರ್ಧ ಮಿಲಿ ಆಂಪಿಯರಿಗಿಂತ ಹೆಚ್ಚು ಹೋಗದಂತೆ ಅದು ತಡೆಯುತ್ತದೆ. 100 ಕಿಲೋ ಓಮ್ ಇರುವುದು ಸುಳ್ಳು ಕೂಗು ತಪ್ಪಿಸಲು. ಮಳೆಗಾಲದ ತೇವದಲ್ಲಿ ತಂತಿಯಿಂದ ತಂತಿಗೆ ಜಿನುಗುವ ಕರೆಂಟನ್ನು ಅದು ಬೇಸಿಗೆ ಮುಟ್ಟಿಸದೆ ಮೈನಸ್ಸಿಗೆ ಇಳಿಸುತ್ತದೆ, ಗದ್ದೆಯ ಬದುವಿನ ಕಂಡಿ ಹೆಚ್ಚುವರಿ ನೀರು ಇಳಿಸಿದ ಹಾಗೆ. ಕೆಪಾಸಿಟರ್ ಇರುವುದು ಉದ್ದ ತಂತಿ ಹಿಡಿದು ತರುವ ಗಲಾಟೆಯನ್ನು ನುಂಗಲು.

ಜೋಡಿಸಿದ ಮೇಲೆ ಟಾಂಕಿಗೆ ಓಡಬೇಡಿ. ಒಂದು ಲೋಟ ನೀರಿಗೆ ಎರಡೂ ಎಳೆಗಳ ತುದಿ ಅದ್ದಿ. ಕೂಗಬೇಕು. ಒದ್ದೆ ಬೆರಳಲ್ಲಿ ಎರಡೂ ತುದಿ ಹಿಡಿದರೂ ಕೂಗೀತು. 6 ವೋಲ್ಟು, ಅದೂ ರೆಸಿಸ್ಟರಿನ ಹಿಂದೆ, ಹೆದರಲಿಕ್ಕಿಲ್ಲ. ಮನೆಯ ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಬೆಸುಗೆಯ ಬಗ್ಗೆ ಎರಡು ಮಾತು

ಮನೆಯಲ್ಲಿ ಮಾಡಿದ ಉಪಕರಣಗಳು ಕೆಡುವುದು ಹೆಚ್ಚಾಗಿ ಬೆಸುಗೆಯಲ್ಲಿ. ಸೀಸವನ್ನು ಕಡ್ಡಿಯಲ್ಲಿ ಕರಗಿಸಿ ತಂದು ಅಂಟಿಸುವುದಲ್ಲ. ಮೊದಲು ಜೋಡಿಸುವ ಜಾಗವನ್ನು ಚೂರಿಯಲ್ಲಿ ಕೆರೆದು ಹೊಳಪು ಮಾಡಿ. ಬಿಸಿ ಕಡ್ಡಿಯನ್ನು ಆ ಜಾಗಕ್ಕೆ ಒತ್ತಿ ಎರಡು ಮೂರು ಸೆಕೆಂಡು ಬಿಡಿ. ನಂತರ ಸೀಸವನ್ನು ಕಡ್ಡಿಗಲ್ಲ, ಬಿಸಿಯಾದ ತಂತಿಗೆ ತಾಗಿಸಿ. ಅದು ಎಣ್ಣೆಯ ಹಾಗೆ ಹರಡಿಕೊಳ್ಳಬೇಕು. ತಣಿಯುವ ತನಕ ಅಲುಗಿಸಬಾರದು. ಹೊಳೆಯುವ, ಹರಡಿಕೊಂಡ ಬೆಸುಗೆ ಒಳ್ಳೆಯದು. ಮಂಕಾಗಿ ಗೋಲಿಯ ಹಾಗೆ ನಿಂತದ್ದು ಒಣ ಬೆಸುಗೆ. ಇವತ್ತು ಕೆಲಸ ಮಾಡೀತು, ಆಟಿಯ ಮಳೆಗೆ ಕೈಕೊಡುತ್ತದೆ. ಹೊಗೆ ಮೂಗಿಗೆ ಎಳೆದುಕೊಳ್ಳಬೇಡಿ. ಸೀಸ ವಿಷ, ಕೆಲಸ ಮುಗಿದ ಮೇಲೆ ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

ಎಲ್ಲ ಸರಿಯಾಗಿದೆ ಎಂದು ಖಾತ್ರಿಯಾದ ಮೇಲೆ ಬೆಸುಗೆಗಳ ಮೇಲೆ ಉಗುರು ಬಣ್ಣ ಬಳಿದುಬಿಡಿ. ನಮ್ಮ ಕಡೆಯ ತೇವಕ್ಕೆ ಇದು ಅಗ್ಗದ ಕವಚ. ಡಬ್ಬಿಗೆ ತೂತು ಕೊರೆದಲ್ಲಿ ಎಂ-ಸೀಲ್ ತುಂಬಿ. ಇರುವೆ, ಹಲ್ಲಿಗಳಿಗೆ ಬೆಚ್ಚನೆಯ ಡಬ್ಬಿ ಎಂದರೆ ಬಹಳ ಪ್ರೀತಿ.

ಟಾಂಕಿಯೊಳಗಿನ ಕಡ್ಡಿ

ಅಷ್ಟೂ ಕೆಲಸ ಸರಿಯಾಗಿ ಮಾಡಿ, ಕೊನೆಗೆ ತಾಮ್ರದ ತಂತಿಯ ತುದಿಯನ್ನೇ ಟಾಂಕಿಗೆ ಇಳಿಬಿಟ್ಟರೆ ಕೆಲವೇ ತಿಂಗಳಲ್ಲಿ ಪೆಟ್ಟಿಗೆ ಮೂಕ. ನೀರಿನಲ್ಲಿ ಒಂದೇ ದಿಕ್ಕಿಗೆ ಕರೆಂಟು ಹರಿಸಿದರೆ ಪ್ಲಸ್ ಕಡೆಯ ಲೋಹ ಕರಗುತ್ತಾ ಹೋಗುತ್ತದೆ. ತಾಮ್ರ ಹಸಿರು ಹಿಡಿದು ಸವೆಯುತ್ತದೆ.

ಇದಕ್ಕೆ ಮೂರು ದಾರಿ. ಮೊದಲನೆಯದು, ಸ್ಟೈನ್‌ಲೆಸ್ ಸ್ಟೀಲ್ ಕಡ್ಡಿ ಅಥವಾ ಬೋಲ್ಟು. ಕುಡಿಯುವ ನೀರಿನ ಟಾಂಕಿಗೆ ಇದೇ ಒಳ್ಳೆಯದು. ಎರಡನೆಯದು, ಮುಗಿದು ಹೋದ ಸಾಧಾರಣ ಟಾರ್ಚ್ ಸೆಲ್ಲಿನ ನಡುವಿನ ಕರಿ ಕಡ್ಡಿ. ಅದು ಇಂಗಾಲ, ಲೋಹದ ಹಾಗೆ ತುಕ್ಕು ಹಿಡಿಯುವ ಪ್ರಶ್ನೆಯೇ ಇಲ್ಲ. ಅದರ ತಲೆಯ ಹಿತ್ತಾಳೆ ಟೊಪ್ಪಿಗೆ ತಂತಿ ಬೆಸೆದು, ಬೆಸುಗೆ ನೀರಿನಿಂದ ಮೇಲೆ ಇರುವಂತೆ ಮಾಡಿ ಎಂ-ಸೀಲ್ ಹಚ್ಚಬೇಕು. ಆದರೆ ಆಲ್ಕಲೈನ್ ಅಥವಾ ಲೀಥಿಯಂ ಎಂದು ಬರೆದ ಸೆಲ್ಲನ್ನು ಒಡೆಯಲೇಬೇಡಿ. ಅದರೊಳಗೆ ಕರಿ ಕಡ್ಡಿ ಇಲ್ಲ. ಆಲ್ಕಲೈನ್ ರಸ ಚರ್ಮ ಸುಡುತ್ತದೆ, ಲೀಥಿಯಂ ಬೆಂಕಿಯೇ ಹಿಡಿಯಬಹುದು.

ಮೂರನೆಯದು ಎಲ್ಲಕ್ಕಿಂತ ಬಾಳಿಕೆಯದು: ರೀಡ್ ಸ್ವಿಚ್ಚು ಮತ್ತು ಅಯಸ್ಕಾಂತ. ರೀಡ್ ಸ್ವಿಚ್ಚು ಎಂದರೆ ಗಾಜಿನ ಸಣ್ಣ ನಳಿಗೆಯೊಳಗೆ ಎರಡು ತಗಡಿನ ನಾಲಗೆ. ಅಯಸ್ಕಾಂತ ಹತ್ತಿರ ಬಂದರೆ ನಾಲಗೆಗಳು ಕೂಡಿಕೊಳ್ಳುತ್ತವೆ. ತೇಲುವ ಥರ್ಮೋಕೋಲ್ ತುಂಡಿಗೆ ಅಯಸ್ಕಾಂತ ಸಿಕ್ಕಿಸಿ, ಪಿ.ವಿ.ಸಿ. ಪೈಪಿನೊಳಗೆ ಮೇಲೆ ಕೆಳಗೆ ಆಡುವಂತೆ ಬಿಟ್ಟು, ಟಾಂಕಿ ತುಂಬುವ ಮಟ್ಟದಲ್ಲಿ ಪೈಪಿನ ಹೊರಮೈಗೆ ರೀಡ್ ಸ್ವಿಚ್ಚು ಕಟ್ಟಿದರೆ ಆಯಿತು. ಪೈಪಿನ ಬುಡದಲ್ಲಿ ನೀರು ಒಳಬರಲು ತೂತು, ತಲೆಯಲ್ಲಿ ಗಾಳಿ ಹೋಗಲು ತೂತು ಬೇಕು. ಅಯಸ್ಕಾಂತ ರೀಡ್ ಸ್ವಿಚ್ಚನ್ನು ದಾಟಿ ಮೇಲೆ ಹೋಗದಂತೆ ಅಲ್ಲೇ ಒಂದು ತಡೆ ಕೊಡಿ. ಇಲ್ಲಿ ಕರೆಂಟು ನೀರಿಗೆ ತಾಗುವುದೇ ಇಲ್ಲ, ಸವೆಯುವ ಮಾತೂ ಇಲ್ಲ.

ಕಡ್ಡಿ ಯಾವುದೇ ಇರಲಿ, ಎರಡೂ ತುದಿ ಟಾಂಕಿ ತುಂಬಿ ಚೆಲ್ಲುವ ಮಟ್ಟಕ್ಕಿಂತ ಐದಾರು ಅಂಗುಲ ಕೆಳಗೆ ಇರಲಿ. ಕೂಗು ಕೇಳಿ ನಾವು ಪಂಪಿನ ಹತ್ತಿರ ಮುಟ್ಟುವ ತನಕ ನೀರು ಬರುತ್ತಲೇ ಇರುತ್ತದಲ್ಲ.

ತಂತಿ ಎಳೆಯುವಾಗ

ದೂರ 100 ಮೀಟರ್ ಇದೆ, ದಪ್ಪ ತಂತಿ ಬೇಡವೇ ಎಂದು ಕೇಳುವವರಿದ್ದಾರೆ. ಬೇಡ. ಅರ್ಧ ಮಿಲಿಮೀಟರ್ ದಪ್ಪದ ತಾಮ್ರದ ಎಳೆ ಹೋಗಿ ಬರುವ 200 ಮೀಟರಿಗೆ ಕೊಡುವ ತಡೆ ಸುಮಾರು 18 ಓಮ್. ನೀರಿನದ್ದೇ ಸಾವಿರಗಟ್ಟಲೆ ಓಮ್ ಇರುವಾಗ ಈ 18 ಲೆಕ್ಕಕ್ಕೇ ಇಲ್ಲ. ಪಂಪಿಗೆ ಸಪೂರ ವಯರು ಹಾಕಿದರೆ ವೋಲ್ಟೇಜ್ ಬೀಳುತ್ತದೆ, ಯಾಕೆಂದರೆ ಅಲ್ಲಿ ಕರೆಂಟು ಹೆಚ್ಚು. ಇಲ್ಲಿ ಕರೆಂಟೇ ಇಲ್ಲವೆನ್ನುವಷ್ಟು ಕಡಿಮೆ. ಈ ವ್ಯತ್ಯಾಸ ಮನಸ್ಸಿಗೆ ಬಂದರೆ ಅರ್ಧ ಎಲೆಕ್ಟ್ರಾನಿಕ್ಸ್ ಕಲಿತ ಹಾಗೆ.

ಆದರೆ ಎರಡು ಎಚ್ಚರ. ಈ ತಂತಿಯನ್ನು ಪಂಪಿನ ಕೇಬಲಿನ ಜೊತೆ ಒಂದೇ ಪೈಪಿನಲ್ಲಿ ಹಾಕಬೇಡಿ, ಅದರ ಪಕ್ಕದಲ್ಲೂ ಎಳೆಯಬೇಡಿ. ಇಲಿ ಕಡಿದೋ ಬಿಸಿಲಿಗೆ ಒಡೆದೋ ಎರಡೂ ಕೂಡಿಕೊಂಡರೆ ನಮ್ಮ 6 ವೋಲ್ಟಿನ ಆಟದ ಪೆಟ್ಟಿಗೆಗೆ 415 ವೋಲ್ಟು ಬಂದು ಕೂರುತ್ತದೆ. ಕರೆಂಟು ಕಂಬಗಳಿಗೂ ಕಟ್ಟಬೇಡಿ.

ಎರಡನೆಯದು ಸಿಡಿಲು. ಎಪ್ರಿಲ್, ಮೇ ಮತ್ತು ತುಲಾ ತಿಂಗಳ ಗುಡುಗಿಗೆ ಉದ್ದ ತಂತಿ ಎಂದರೆ ಕರೆದು ಕೂರಿಸಿದ ಹಾಗೆ. ಪಿನ್ನು, ಸಾಕೆಟ್ ಇಡಲು ಹೇಳಿದ್ದು ಇದಕ್ಕೇ. ಮೋಡ ಕಟ್ಟುವ ಮೊದಲೇ ತಂತಿಯನ್ನು ಪೆಟ್ಟಿಗೆಯಿಂದ ಕಳಚಿ ಮನೆಯ ಹೊರಗೇ ಬಿಡಿ. ಗುಡುಗು ಶುರುವಾದ ಮೇಲೆ ಆ ತಂತಿ ಮುಟ್ಟಲು ಹೋಗಬೇಡಿ. ಟ್ರಾನ್ಸಿಸ್ಟರ್ ಸುಟ್ಟರೆ ಹೊಸದು ಹಾಕಬಹುದು.

ದಿನನಿತ್ಯದ ಬಳಕೆ ಹೀಗೆ: ಪಂಪು ಹಾಕಿದಾಗ ಪೆಟ್ಟಿಗೆಯ ಸ್ವಿಚ್ಚೂ ಹಾಕಿ, ಪರೀಕ್ಷೆ ಗುಂಡಿ ಒಮ್ಮೆ ಒತ್ತಿ ಕೂಗುತ್ತದೆಯೇ ನೋಡಿ. ಕೂಗಿದಾಗ ಪಂಪು ಆರಿಸಿ, ಪೆಟ್ಟಿಗೆಯನ್ನೂ ಆರಿಸಿ. ಹೀಗಾದರೆ ಸೆಲ್ಲು ತಿಂಗಳುಗಟ್ಟಲೆ ಬರುತ್ತದೆ, ಕಡ್ಡಿಯೂ ಸವೆಯುವುದಿಲ್ಲ. ಗುಂಡಿ ಒತ್ತಿದಾಗ ತಿಳಿಯುವುದು ಪೆಟ್ಟಿಗೆಯ ಆರೋಗ್ಯ ಮಾತ್ರ. ತಂತಿ ತುಂಡಾಗಿದೆಯೇ ಎಂದು ತಿಳಿಯಲು ತಿಂಗಳಿಗೊಮ್ಮೆ ಟಾಂಕಿಯ ಬಳಿ ಹೋಗಿ ಎರಡೂ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಮುಟ್ಟಿಸಿ ನೋಡಬೇಕು. ರೀಡ್ ಸ್ವಿಚ್ಚು ಹಾಕಿದವರು ಹೊರಗಿನಿಂದ ಅಯಸ್ಕಾಂತವೊಂದನ್ನು ಅದರ ಹತ್ತಿರ ಹಿಡಿದರೆ ಸಾಕು. ಮಳೆಗಾಲದಲ್ಲಿ ನೀರಾವರಿ ಇಲ್ಲದಾಗ ಸೆಲ್ಲುಗಳನ್ನು ತೆಗೆದಿಡಿ. ಒಳಗೇ ಬಿಟ್ಟರೆ ಸೋರಿ ಎಲ್ಲ ತಿನ್ನುತ್ತದೆ.

ಕೂಗದಿದ್ದರೆ?

ಕ್ರಮವಾಗಿ ಹುಡುಕಿದರೆ ಐದು ನಿಮಿಷದ ಕೆಲಸ.

ಸೆಲ್ಲಿನಿಂದ ಬಜರಿಗೆ ನೇರ ಕೊಡಿ. ಕೂಗದಿದ್ದರೆ ಸೆಲ್ಲು ಅಥವಾ ಬಜರ್ ಹೋಗಿದೆ.

ಕೂಗಿದರೆ, ತಂತಿಯ ತುಂಡಿನಲ್ಲಿ ಕಲೆಕ್ಟರ್ ಮತ್ತು ಎಮಿಟರ್ ಕೂಡಿಸಿ. ಈಗಲೂ ಕೂಗದಿದ್ದರೆ ಸ್ವಿಚ್ಚು ಅಥವಾ ಬೆಸುಗೆ ಬಿಟ್ಟಿದೆ.

ಕೂಗಿದರೆ, ಪರೀಕ್ಷೆ ಗುಂಡಿ ಒತ್ತಿ ಹಿಡಿದು ಮಲ್ಟಿಮೀಟರಿನಲ್ಲಿ ಬೇಸ್, ಎಮಿಟರ್ ನಡುವೆ ಅಳೆಯಿರಿ. 0.6ರಿಂದ 0.7 ವೋಲ್ಟು ಬರಬೇಕು. 5 ವೋಲ್ಟಿನ ಹತ್ತಿರ ತೋರಿಸಿದರೆ ಟ್ರಾನ್ಸಿಸ್ಟರ್ ಒಳಗೆ ಕಡಿದಿದೆ. ಏನೂ ಇಲ್ಲದಿದ್ದರೆ ಬೇಸಿಗೆ ಬರುವ ದಾರಿ ಎಲ್ಲೋ ಬಿಟ್ಟಿದೆ, ಇಲ್ಲವೇ ಕೆಪಾಸಿಟರ್ ಕೂಡಿಕೊಂಡಿದೆ.

ಗುಂಡಿಗೆ ಕೂಗಿ ಟಾಂಕಿಗೆ ಕೂಗದಿದ್ದರೆ ತಂತಿ ಅಥವಾ ಕಡ್ಡಿಯ ದೋಷ.

ಸದಾ ಕೂಗುತ್ತಿದ್ದರೆ ಪಿನ್ನು ಕಳಚಿ ನೋಡಿ. ನಿಂತರೆ ತಂತಿಯ ಗಂಟಿನಲ್ಲಿ ತೇವ ಸೇರಿದೆ. ನಿಲ್ಲದಿದ್ದರೆ ಟ್ರಾನ್ಸಿಸ್ಟರ್ ಬದಲಿಸಿ.

ಅದೇ ಪೆಟ್ಟಿಗೆ, ಅಂಗಳದ ಅಡಿಕೆಗೆ

ಅಂಗಳದಲ್ಲಿ ಅಡಿಕೆ ಹರಡಿ ಮಲಗಿದವರಿಗೆ ಅಕಾಲ ಮಳೆಯ ಚಿಂತೆ. ಇದೇ ಪೆಟ್ಟಿಗೆಯಲ್ಲಿ ಸಣ್ಣ ಬದಲಾವಣೆ ಮಾಡಿದರೆ ಮೊದಲ ಹನಿಗೇ ಎಬ್ಬಿಸುತ್ತದೆ. ಅಂಗೈಯಗಲದ ಪ್ಲಾಸ್ಟಿಕ್ ತಗಡಿನ ಮೇಲೆ ಸ್ಟೈನ್‌ಲೆಸ್ ಸ್ಟೀಲಿನ ಬೋಳು ತಂತಿಗಳನ್ನು 2–3 ಮಿಲಿಮೀಟರ್ ಅಂತರದಲ್ಲಿ ಸಾಲಾಗಿ ಕಟ್ಟಿ. ಒಂದು, ಮೂರು, ಐದನೆಯ ತಂತಿಗಳನ್ನು ಒಂದು ಎಳೆಗೆ. ಎರಡು, ನಾಲ್ಕು, ಆರನೆಯದನ್ನು ಇನ್ನೊಂದು ಎಳೆಗೆ ಕೂಡಿಸಿ. ಹನಿ ಎರಡು ತಂತಿಗಳ ನಡುವೆ ಬಿದ್ದರೆ ದಾರಿ ಕೂಡಿತು.

ಮಳೆ ನೀರಿನಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ, ಹನಿಯೂ ಸಣ್ಣದು. ಒಂದು ಟ್ರಾನ್ಸಿಸ್ಟರ್ ಸಾಲದು. ಎರಡು ಬಿ.ಸಿ. 547 ಹಾಕಿ: ಮೊದಲನೆಯದರ ಎಮಿಟರನ್ನು ಎರಡನೆಯದರ ಬೇಸಿಗೆ, ಇಬ್ಬರ ಕಲೆಕ್ಟರುಗಳನ್ನೂ ಒಟ್ಟಿಗೆ ಬಜರಿಗೆ, ಎರಡನೆಯದರ ಎಮಿಟರನ್ನು ಮೈನಸ್ಸಿಗೆ. ನೂರರ ನೂರು ಪಾಲು ಎಂದರೆ ಹತ್ತು ಸಾವಿರ ಪಾಲು! 100 ಕಿಲೋ ಓಮ್ ಜಾಗಕ್ಕೆ 1 ಮೆಗಾ ಓಮ್ ಹಾಕಿ, ಮೊದಲನೆಯದರ ಬೇಸ್ ಮತ್ತು ಮೈನಸ್ ನಡುವೆ. ಅದರ ಬಣ್ಣ ಕಂದು, ಕಪ್ಪು, ಹಸಿರು. ಕೆಪಾಸಿಟರನ್ನೂ ಅದೇ ಎರಡು ಜಾಗಕ್ಕೆ ಕೊಡಿ. ತಗಡನ್ನು ಓರೆಯಾಗಿ ಇಡಿ, ಮಳೆ ನಿಂತ ಮೇಲೆ ಬೇಗ ಒಣಗಲಿ. ಮಾಗಿಯ ಮಂಜಿಗೂ ಇದು ಬೆಳಗ್ಗೆ ಕೂಗೀತು. ಆ ತಿಂಗಳಲ್ಲಿ ತಗಡನ್ನು ಸೂರಿನ ಅಂಚಿಗೆ ಹತ್ತಿರ ತಂದು, ಮಂಜು ಬೀಳದೆ ಹನಿ ಮಾತ್ರ ಬೀಳುವ ಕಡೆ ಇಡಬೇಕು.

ಪಂಪು ತಾನೇ ಆರುವಂತೆ ಮಾಡಬಹುದಲ್ಲ?

ಇಷ್ಟು ಮಾಡಿದವರಿಗೆ ಮುಂದಿನ ಆಸೆ ಇದೇ. ಮಾಡಬಹುದು. ಬಜರಿನ ಜಾಗದಲ್ಲಿ ರಿಲೇ ಹಾಕುತ್ತಾರೆ. ರಿಲೇ ಎಂದರೆ ಸುರುಳಿಗೆ ಕರೆಂಟು ಬಂದಾಗ ಅಯಸ್ಕಾಂತವಾಗಿ ಒಳಗಿನ ಸ್ವಿಚ್ಚನ್ನು ಎಳೆಯುವ ಸಣ್ಣ ಡಬ್ಬಿ. ಸುರುಳಿಯ ಕರೆಂಟು ಕಡಿದ ಕ್ಷಣ ಅದರಿಂದ ಎದುರು ದಿಕ್ಕಿನ ದೊಡ್ಡ ವೋಲ್ಟೇಜ್ ಚಿಮ್ಮಿ ಟ್ರಾನ್ಸಿಸ್ಟರನ್ನು ಕೊಲ್ಲುತ್ತದೆ. ಅದಕ್ಕೆ ಸುರುಳಿಯ ಅಡ್ಡಕ್ಕೆ 1ಎನ್ 4007 ಡಯೋಡನ್ನು, ಬಿಳಿ ಪಟ್ಟಿ ಪ್ಲಸ್ ಕಡೆ ಬರುವಂತೆ, ಹಾಕಲೇಬೇಕು. ಇಷ್ಟರ ವರೆಗೆ ಸೆಲ್ಲಿನ ಕಡೆಯ ಮಾತು.

ಆದರೆ ರಿಲೇಯ ಆಚೆ ಬದಿ ಹೋಗುವುದು ಪಂಪಿನ ಸ್ಟಾರ್ಟರಿಗೆ. ಮೂರು ಫೇಸ್ ಸ್ಟಾರ್ಟರಿನ ಹಿಡಿಕೆ ಸುರುಳಿ ಹೆಚ್ಚಾಗಿ 415 ವೋಲ್ಟಿನದ್ದು. ಅಂದರೆ ಆಫ್ ಗುಂಡಿಗೆ ಹೋಗುವ ಸಪೂರ ವಯರಿನಲ್ಲೂ 415 ವೋಲ್ಟು. ಅಂಗಡಿಯಲ್ಲಿ ಸಿಗುವ ಸಾಧಾರಣ ಸಣ್ಣ ರಿಲೇ 250 ವೋಲ್ಟಿಗೆ ಮಾಡಿದ್ದು. ಅದನ್ನು ಅಲ್ಲಿ ಹಾಕಿದರೆ ಕಿಡಿ ಹಾರಿ ತುದಿಗಳು ಅಂಟಿಕೊಳ್ಳಬಹುದು, ಒಳಗೆ ಸೀಳಿ 415 ವೋಲ್ಟು ನಮ್ಮ ತಂತಿಗೆ, ಅಲ್ಲಿಂದ ಟಾಂಕಿಯ ನೀರಿಗೇ ಬರಬಹುದು. ಟಾಂಕಿಗೆ ಕೈ ಹಾಕುವವರು ಮನೆಯವರೇ ಅಲ್ಲವೇ? ಅದಕ್ಕೆ ಈ ಹಂತಕ್ಕೆ ತಯಾರಿ ಉಪಕರಣ, ಲೈಸೆನ್ಸ್ ಇರುವ ವಯರ್‌ಮ್ಯಾನ್, ಸರಿಯಾದ ಅರ್ಥಿಂಗ್, ಮೂರೂ ಬೇಕು.

ಮಾಡಿಸುವಾಗ ಅವರಲ್ಲಿ ಒಂದು ಪ್ರಶ್ನೆ ಕೇಳಿ: "ಇದು ಕೆಟ್ಟರೆ ಪಂಪು ನಿಲ್ಲುತ್ತದೋ, ಓಡುತ್ತಲೇ ಇರುತ್ತದೋ?" ನಿಲ್ಲುವಂತೆ ಇರಬೇಕು. ಸೆಲ್ಲು ಮುಗಿಯಲಿ, ತಂತಿ ತುಂಡಾಗಲಿ, ಯಂತ್ರ ಸೋಲುವುದಾದರೆ ಸುರಕ್ಷಿತ ಕಡೆಗೆ ಸೋಲಬೇಕು. ಎಷ್ಟೇ ದೊಡ್ಡ ಉಪಕರಣ ಕೊಳ್ಳುವಾಗಲೂ ಈ ಪ್ರಶ್ನೆ ನೆನಪಿರಲಿ.

ಬೇಲಿಯ ವಿಷಯ ಬೇಡವೇ ಬೇಡ

ಹಂದಿ, ಆನೆಗಳ ಕಾಟಕ್ಕೆ ಬೇಸತ್ತು ಲೈನಿನ ಕರೆಂಟನ್ನೇ ಬೇಲಿಗೆ ಕೊಡುವವರಿದ್ದಾರೆ. ಹಾಗೆ ಮಾಡುವುದು ಅಪರಾಧ. ಸಾಯುವುದು ಹಂದಿ ಮಾತ್ರವಲ್ಲ. ಸರಿಯಾದ ಸೋಲಾರ್ ಬೇಲಿಯ ಯಂತ್ರ ಸಾವಿರಾರು ವೋಲ್ಟು ಕೊಟ್ಟರೂ ಕೊಡುವುದು ಕ್ಷಣಮಾತ್ರದ ಮಿಡಿತ. ಅಂತಾರಾಷ್ಟ್ರೀಯ ಮಾನದಂಡದ ಪ್ರಕಾರ ಒಂದು ಮಿಡಿತದ ಶಕ್ತಿ 5 ಜೂಲ್ ಮೀರಬಾರದು, ಎರಡು ಮಿಡಿತಗಳ ನಡುವೆ ಕನಿಷ್ಠ ಒಂದು ಸೆಕೆಂಡು ಬಿಡುವು ಇರಬೇಕು. ಪೆಟ್ಟು ತಿಂದವ ಕೈ ಹಿಂದೆಗೆಯಲು ಸಮಯ ಸಿಗುತ್ತದೆ. 230 ವೋಲ್ಟಿನ ಲೈನು ಹಾಗಲ್ಲ. ಸ್ನಾಯುಗಳನ್ನು ಬಿಗಿದು ಹಿಡಿಯುತ್ತದೆ, ಬಿಡುವುದಿಲ್ಲ. ಬೇಲಿಯ ಯಂತ್ರವನ್ನು ಮನೆಯಲ್ಲಿ ಮಾಡಲು ಹೊರಡಬೇಡಿ. ಮಾನದಂಡಕ್ಕೆ ಒಪ್ಪುವುದನ್ನೇ ಕೊಂಡು ಹಾಕಿ.

ಮುಂದಕ್ಕೆ

ಇಟಲಿಯ ಇವ್ರಿಯಾ ಎಂಬ ಊರಿನ ಶಾಲೆಯೊಂದರಲ್ಲಿ ವಿದ್ಯಾರ್ಥಿಗಳಿಗಾಗಿ 2005ರಲ್ಲಿ ಆರ್ಡುಯಿನೋ ಎಂಬ ಸಣ್ಣ ಹಲಗೆ ಬಂತು. ಕಾಂಪ್ಯೂಟರಿನಲ್ಲಿ ನಾಲ್ಕು ಸಾಲು ಬರೆದು ಅದಕ್ಕೆ ತುಂಬಿದರೆ ಹೇಳಿದ ಹಾಗೆ ಕೇಳುತ್ತದೆ. ಈಗ ಅದರ ತಮ್ಮಂದಿರು ಎಷ್ಟೋ ಬಂದಿದ್ದಾರೆ; ಮನೆಯ ಕಾಲೇಜು ಮಕ್ಕಳಿಗೆ ಗೊತ್ತಿರುತ್ತದೆ. ಟಾಂಕಿಯ ಮಟ್ಟವನ್ನು ಮೊಬೈಲಿಗೆ ಕಳಿಸುವುದೂ ಅದರಿಂದ ಸಾಧ್ಯ. ಆಸಕ್ತಿ ಇರುವವರು ಕಲಿಯಿರಿ. ಆದರೆ ಮೊದಲು ಈ ಒಂದು ಟ್ರಾನ್ಸಿಸ್ಟರಿನ ಪೆಟ್ಟಿಗೆ ಮಾಡಿ. ಕೆಟ್ಟಾಗ ತೆರೆದು, ಎಲ್ಲಿ ಏನಾಗಿದೆ ಎಂದು ಬೆರಳಿಟ್ಟು ಹೇಳಬಲ್ಲ ಉಪಕರಣ ತೋಟದಲ್ಲಿ ಒಂದಾದರೂ ಇರಲಿ. ಆ ಒಂದರಿಂದ ಬರುವ ಧೈರ್ಯದಲ್ಲಿ ಸ್ಟಾರ್ಟರಿನ ಮುಂದೆ, ರಿಪೇರಿಯವರ ಮುಂದೆ ನಿಂತು ಸರಿಯಾದ ಪ್ರಶ್ನೆ ಕೇಳಲು ನಮಗೆ ಬರುತ್ತದೆ.

ಮಾಡಿ ನೋಡಿದವರು, ಇದಕ್ಕಿಂತ ಸುಲಭದ ದಾರಿ ಕಂಡುಕೊಂಡವರು ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ. ಉಳಿದವರಿಗೂ ಉಪಯೋಗವಾದೀತು.